ಪಕ್ಕದ ಕೋಣೆಯ ವೀಕ್ಷಕಿ

ಬೆಳಗಿನಿಂದ ಅವಳಿಗೆ ಬಂದದ್ದು ಇದು ಮೂರನೆಯ ಕಾಯಿಲೆ. ಎಂಟು ಗಂಟೆಯ ಆರೋಗ್ಯ ಕಾರ್ಯಕ್ರಮದಲ್ಲಿ ಮಂಡಿನೋವಿತ್ತು. ಅರವತ್ತೆಂಟು ವರ್ಷದ ಹೆಂಗಸಾಗಿ, ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ಮೂಳೆ ಡಾಕ್ಟರಿಗೆ ದೂರಿದ್ದಳು. ಹತ್ತು ಗಂಟೆಯ ಕೈತೋಟದ ಕಾರ್ಯಕ್ರಮದಲ್ಲಿ ಅವಳ ಕುಂಡದ ಗುಲಾಬಿಯ ಎಲೆಗಳು ಮುದುರಿಕೊಂಡಿದ್ದವು. ಅವಳ ಮನೆಯಲ್ಲಿ ಕುಂಡವೂ ಇಲ್ಲ, ಗುಲಾಬಿಯೂ ಇಲ್ಲ, ಇರುವ ಒಂದು ಬಾಲ್ಕನಿಯಲ್ಲಿ ಅತ್ತೆಯ ಹೊದಿಕೆಗಳು ಒಣಗುತ್ತವೆ. ಈಗ ಹನ್ನೊಂದೂವರೆಗೆ ಮನೋವೈದ್ಯರು ಬಂದು ಸ್ಟುಡಿಯೋದ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು, ಪರದೆಯ ಕೆಳಗೆ ಫೋನ್ ನಂಬರು ಓಡುತ್ತಿತ್ತು, ಅವಳ ಮೇಜಿನ ಮೇಲಿನ ಮೂರು ಫೋನುಗಳು ಮೂರು ಕಲ್ಲಿನ ಹಾಗೆ ಬಿದ್ದುಕೊಂಡಿದ್ದವು. ಅರ್ಧ ಗಂಟೆಗೆ ಕನಿಷ್ಠ ಆರು ಕರೆ ಬರಬೇಕು ಅನ್ನುವುದು ಮೇಲಿನವರ ನಿಯಮ. ಕರೆಗಳ ಹಾಳೆ ಪ್ರತಿ ಸೋಮವಾರ ಮುಖ್ಯ ಕಚೇರಿಗೆ ಹೋಗುತ್ತದೆ. ಜನ ಸರ್ಕಾರಿ ಚಾನೆಲ್ ಬಿಟ್ಟು ಎಷ್ಟೋ ವರ್ಷವಾಗಿದೆ ಅನ್ನುವುದು ಮುಖ್ಯ ಕಚೇರಿಗೂ ಗೊತ್ತು, ಆದರೆ ಹಾಳೆಯಲ್ಲಿ ಆರು ಸಾಲು ತುಂಬಿದ್ದರೆ ಆ ವಿಷಯ ಯಾರೂ ಎತ್ತುವುದಿಲ್ಲ.

ಅವಳ ಕೆಲಸ ಕರೆ ತೆಗೆದುಕೊಳ್ಳುವುದು. ಹೆಸರು, ಊರು, ಪ್ರಶ್ನೆ ಕೇಳಿ ಬರೆದುಕೊಂಡು, ಟೀವಿ ಸದ್ದು ಕಡಿಮೆ ಮಾಡಿ ಎಂದು ಹೇಳಿ, ಗುಂಡಿ ಒತ್ತಿ ಸ್ಟುಡಿಯೋಗೆ ದಾಟಿಸುವುದು. ಕರೆ ಬಾರದಿದ್ದಾಗ ಎದ್ದು ಪಕ್ಕದ ಮೇಕಪ್ ಕೋಣೆಗೆ ಹೋಗಿ, ಅಲ್ಲಿನ ಫೋನಿನಿಂದ ತಾನೇ ಕರೆ ಮಾಡುವುದು. ಇದು ಯಾವ ಆದೇಶದಲ್ಲೂ ಬರೆದಿಲ್ಲ. ಹದಿನಾರು ವರ್ಷದ ಹಿಂದೆ ಒಂದು ದಿನ ಅಂದಿನ ನಿರ್ಮಾಪಕರು ಬೆವರು ಒರೆಸಿಕೊಳ್ಳುತ್ತ ಬಂದು, 'ಒಂದೇ ಒಂದು ಸಲ, ಮರ್ಯಾದೆ ಉಳಿಸಿ' ಎಂದಿದ್ದರು. ಮರ್ಯಾದೆ ಉಳಿಸುವುದು ಹಾಗೇ ಅವಳ ಪಾಲಿಗೆ ಬಂತು. ಈಗಿನ ನಿರ್ಮಾಪಕ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಎಲ್ಲದಕ್ಕೂ 'ಅರ್ಧ ನಿಮಿಷ' ಎನ್ನುವುದರಿಂದ ಕಚೇರಿಯಲ್ಲಿ ಅವನ ಹೆಸರೇ ಅರ್ಧ ನಿಮಿಷ. ಕೆಲಸ ಆಗಬೇಕಾದಾಗ ಅವಳನ್ನು ಅಕ್ಕಾ ಎನ್ನುತ್ತಾನೆ, ತಪ್ಪು ಹಿಡಿದಾಗ ಮೇಡಂ.

"ಅಕ್ಕಾ," ಎಂದಿತು ಅವಳ ಕಿವಿಯಲ್ಲಿದ್ದ ಹೆಡ್‌ಫೋನು. "ಡಾಕ್ಟ್ರು ಮಾತು ಮುಗಿಸ್ತಾ ಇದಾರೆ. ಯಾರೂ ಇಲ್ವಾ ಲೈನಲ್ಲಿ?"

"ಯಾರೂ ಇಲ್ಲ."

"ಹಾಗಾದ್ರೆ ನೀವೇ ಏಳಿ. ನಾನು ಗುಂಡಿ ಒತ್ತಿಕೋತೀನಿ."

ಅವಳು ಪ್ರಶ್ನೆಯೊಂದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು: ಮಗಳಿಗೆ ಹದಿನಾಲ್ಕು ವರ್ಷ, ಪುಸ್ತಕ ಹಿಡಿದರೆ ನಿದ್ದೆ. ಮೇಕಪ್ ಕೋಣೆಯ ಬಾಗಿಲು ಮುಚ್ಚಿ ರಿಸೀವರ್ ಎತ್ತುವಷ್ಟರಲ್ಲಿ ಹೊರಗೆ ಅವಳ ಮೇಜಿನ ಫೋನು ನಿಜವಾಗಿಯೂ ಒದರಿತು. ಯಾರೋ ನಿಜವಾದ ಮನುಷ್ಯ, ನಿಜವಾದ ಊರಿನಿಂದ. ಅರ್ಧ ನಿಮಿಷ ಓಡಿಹೋಗಿ ಅದನ್ನು ತಾನೇ ತೆಗೆದು ಒಳಗೆ ಕೊಟ್ಟ. ಗೋಡೆಯ ಮೇಲಿನ ಟೀವಿಯಲ್ಲಿ ಆ ಮನುಷ್ಯ, ಮಗನಿಗೆ ಹದಿಮೂರು ವರ್ಷ ಡಾಕ್ಟ್ರೇ, ಪುಸ್ತಕ ಹಿಡಿದರೆ ಸಾಕು ನಿದ್ದೆ ಎಂದ. ಅವಳು ಚೀಟಿಯನ್ನು ಮಡಚಿ ಪೌಡರ್ ಡಬ್ಬಿಯ ಕೆಳಗೆ ಇಟ್ಟಳು. ಕನ್ನಡಿಯ ಸುತ್ತ ಬಲ್ಬುಗಳು, ಕೊಕ್ಕೆಗೆ ತೂಗುಹಾಕಿದ ವಾರ್ತಾ ಓದುಗನ ಕೋಟು, ಯಾರ ಯಾರದೋ ಕೂದಲು ಸಿಕ್ಕಿಕೊಂಡ ಬಾಚಣಿಗೆ. ಬೇರೆ ದಿನಗಳಲ್ಲಿ ಅವಳು ಕನ್ನಡಿಗೆ ಬೆನ್ನು ಹಾಕಿ, ಕರವಸ್ತ್ರವನ್ನು ರಿಸೀವರಿನ ಬಾಯಿಗೆ ಸುತ್ತಿ, ಮೂಗಿನಲ್ಲಿ ಮಾತಾಡುತ್ತಿದ್ದಳು. ಇವತ್ತು ಕರವಸ್ತ್ರ ಚೆಲ್ಲಿದ ಚಹಾ ಒರೆಸಿ ಹಸಿಯಾಗಿ ಮೇಜಿನ ಕಾಲಿನ ಹತ್ತಿರ ಬಿದ್ದಿತ್ತು. ಇನ್ನೊಂದು ಪ್ರಶ್ನೆ ಹುಡುಕಬೇಕು; ಸಿಟ್ಟು, ನಿದ್ರಾಹೀನತೆ, ಅನುಮಾನದ ಗಂಡ, ಎಲ್ಲವೂ ಕಳೆದ ವಾರಗಳಲ್ಲಿ ಖರ್ಚಾಗಿದ್ದವು. ಅಷ್ಟರಲ್ಲಿ ಕಿವಿಯಲ್ಲಿ ನಿರೂಪಕಿಯ ಸಕ್ಕರೆಯ ದನಿ, "ಹಲೋ, ಹೇಳಿ ಮೇಡಂ, ಎಲ್ಲಿಂದ ಮಾತಾಡ್ತಿದೀರಿ?"

ಅವಳು ಬಾಯಿಗೆ ಬಂದ ಒಂದು ಹೆಸರು ಹೇಳಿದಳು. ದೂರದ, ಗುಡ್ಡದ ಮೇಲಿನ ಒಂದು ಊರು ಹೇಳಿದಳು. ಅಲ್ಲಿಗೆ ಅವಳು ಯಾವತ್ತೂ ಹೋಗಿಲ್ಲ.

"ನಿಮ್ಮ ಸಮಸ್ಯೆ ಏನು?"

"ಮನೇಲಿ ವಯಸ್ಸಾದವರೊಬ್ಬರು ಇದಾರೆ ಡಾಕ್ಟ್ರೇ. ನಾನೇ ನೋಡ್ಕೊಳ್ತೀನಿ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಸ್ನಾನ, ಯಾವುದಕ್ಕೂ ಕಮ್ಮಿ ಮಾಡಿಲ್ಲ. ನೋಡಿದವರೆಲ್ಲ ಹೊಗಳ್ತಾರೆ. ಆದ್ರೆ ನನ್ನೊಳಗೆ ಏನೂ ಇಲ್ಲ. ಪ್ರೀತಿ ಇಲ್ಲ. ಸಿಟ್ಟಾದ್ರೂ ಇದೆಯಾ ಅಂತ ಹುಡುಕಿದೆ, ಅದೂ ಇಲ್ಲ. ನಾನು ಸುಮ್ನೆ ಕಾಯ್ತಾ ಇದೀನಿ ಅನ್ಸುತ್ತೆ. ಏನನ್ನ ಕಾಯ್ತಿದೀನಿ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇದು ಕಾಯಿಲೆಯಾ ಡಾಕ್ಟ್ರೇ?"

ಡಾಕ್ಟರು ಕಾಲ ಮೇಲಿನ ಕಾಲು ಇಳಿಸಿದರು. ಕನ್ನಡಿಯಲ್ಲಿದ್ದ ಹೆಂಗಸು ಬಾಯಿ ಸ್ವಲ್ಪ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದಳು, ಬೇರೆಯವರ ಮನೆಯ ಬಾಗಿಲು ತಟ್ಟಿ ಆಮೇಲೆ ಮನೆ ತಪ್ಪಿತು ಎಂದು ಗೊತ್ತಾದವಳ ಹಾಗೆ. ಡಾಕ್ಟರು, ಇದು ಬಹಳ ಜನರಲ್ಲಿ ಕಾಣುವ ದಣಿವು, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ, ನೀರು ಚೆನ್ನಾಗಿ ಕುಡಿಯಿರಿ, ಒಂದು ಹವ್ಯಾಸ ಬೆಳೆಸಿಕೊಳ್ಳಿ, ಚಿತ್ರಕಲೆ ಅಥವಾ ಸಂಗೀತ, ಎಂದರು. ನಿರೂಪಕಿ ಧನ್ಯವಾದ ಹೇಳಿದಳು. ಅಕ್ವೇರಿಯಂ ಮೀನುಗಳು ಈಜುವ ಚಿತ್ರದ ಮೇಲೆ ಕೊಳಲು ಬಂತು. ಅವಳಿಗೆ ಆಗ ನೆನಪಾಯಿತು: ದನಿ ಬದಲಾಯಿಸಿರಲಿಲ್ಲ.

ಮನೆಯಲ್ಲಿ ಅತ್ತೆ ಬೆಳಿಗ್ಗೆ ಏಳರಿಂದ ಈ ಚಾನೆಲ್ಲನ್ನೇ ನೋಡುತ್ತಾರೆ. ಬೇರೆ ಚಾನೆಲ್ಲಿನವರು ಕಿರುಚುತ್ತಾರಂತೆ. ಕೈತೋಟ, ಮೀನುಗಾರರ ಹವಾಮಾನ, ಕಿವುಡರ ವಾರ್ತೆ, ಒಂದನ್ನೂ ಬಿಡುವುದಿಲ್ಲ. ಸಮುದ್ರ ನೋಡಿ ಮೂವತ್ತು ವರ್ಷವಾದ ಆ ಹೆಂಗಸಿಗೆ ನಾಳೆ ಅಲೆ ಎಷ್ಟು ಮೀಟರ್ ಏಳುತ್ತದೆ ಅಂತ ಗೊತ್ತು. ಆದರೆ ಭಯ ಅದಲ್ಲ. ಅತ್ತೆ ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಂದು ಊರಿನ ಅರ್ಧ ಜನ ಅವರಿಗೆ ಬರೀ ದನಿಗಳಾಗಿ ಪರಿಚಯ. ಮಗ ಫೋನಿನಲ್ಲಿ 'ಹಲೋ' ಅನ್ನುವಷ್ಟರಲ್ಲೇ, 'ತಲೆ ಒರೆಸಿಕೊಳ್ಳದೆ ಮಲಗಿದ್ದೆಯಲ್ಲ ನಿನ್ನೆ' ಎಂದವರು. ಬಾಗಿಲಿಗೆ ಹಾಲು ತರುವವನು 'ಹಾಲು' ಎಂದ ಒಂದು ಶಬ್ದದಲ್ಲಿ ಅವನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ ಎಂದು ಹೇಳಿದವರು. ಹದಿನೈದು ದಿನದ ಮೇಲೆ ಅದು ನಿಜವೆಂದು ಗೊತ್ತಾಗಿತ್ತು. ಒಂದು ಸಲ ಊಟ ಮಾಡುತ್ತ, "ನಿಮ್ಮ ಚಾನೆಲ್‌ಗೆ ಫೋನ್ ಮಾಡೋರೆಲ್ಲ ಯಾಕೆ ಒಂದೇ ಕೋಣೇಲಿ ಕೂತು ಮಾತಾಡಿದ ಹಾಗಿರತ್ತೆ?" ಎಂದು ಕೇಳಿದ್ದರು. "ಲೈನು ಹಾಗೆ ಅತ್ತೆ," ಎಂದಿದ್ದಳು. ಅತ್ತೆ, "ಓ, ಲೈನು," ಎಂದು ಚಮಚ ತೆಗೆದುಕೊಂಡಿದ್ದರು.

"ಅಕ್ಕಾ, ಅರ್ಧ ನಿಮಿಷ," ಎನ್ನುತ್ತ ಅವನು ಒಳಗೆ ಬಂದ. ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. "ಏನ್ ಮಾಡಿದ್ರಿ ನೀವು. ನನ್ನ ಮೈ ಜುಮ್ ಅಂತು. ನಿಲಯದ ಮುಖ್ಯಸ್ಥರು ಅವರ ಕೋಣೆಯಿಂದ ಎದ್ದು ಬಂದು ಕೇಳಿದ್ರು, ಯಾರ್ರೀ ಈ ಹೆಂಗಸು, ಪಾಪ ಅಂತ. ನಾನು ದೂರದ ಊರಿನವರು ಸಾರ್ ಅಂದೆ."

"ಮೂರೂವರೆಗೆ ಮರುಪ್ರಸಾರ ಇದೆಯಲ್ಲ, ಅದನ್ನ ತೆಗೆದುಬಿಡಿ ಸಾರ್."

"ತೆಗೆಯೋದಾ? ಐದು ವರ್ಷದಲ್ಲಿ ನಮಗೆ ಸಿಕ್ಕಿರೋ ಒಂದೇ ಒಂದು ಒಳ್ಳೆ ಕರೆ ಅದು."

"ಅದರ ಬದಲು ನೃತ್ಯ ಹಾಕಿ. ನನ್ನ ದನಿ ನನ್ನದೇ ಥರ ಕೇಳಿಸ್ತಿದೆ. ಗೊತ್ತಿರೋರು ಇರ್ತಾರೆ."

"ಗೊತ್ತಿರೋರು ಯಾರು ನಮ್ಮ ಚಾನೆಲ್ ನೋಡ್ತಾರೆ ಅಕ್ಕಾ," ಎಂದು ನಕ್ಕು, ಅದೇ ಉಸಿರಿನಲ್ಲಿ, "ನೀವು ಧಾರಾವಾಹಿ ಮಾಡಬೇಕಿತ್ತು," ಎಂದು ಹೋದ.

ಧಾರಾವಾಹಿ. ಅವಳು ಕೂತಲ್ಲೇ ಕೂತಳು. ಹದಿನಾರು ವರ್ಷ ಸುಳ್ಳು ಹೇಳಿದಾಗ ಯಾರೂ ತಿರುಗಿ ನೋಡಲಿಲ್ಲ. ಮಂಡಿ, ಪಿತ್ತ, ಗುಲಾಬಿ, ಬಾಡಿಗೆದಾರನ ತಂಟೆ, ಯಾವುದಕ್ಕೂ ಒಂದು ಶಹಬ್ಬಾಸ್ ಇಲ್ಲ. ನಿಜ ಬಾಯಿಂದ ಜಾರಿದ ದಿನ ಅದು ನಟನೆಯಾಯಿತು. ಇದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು, ಅದು ನಟನೆಯಲ್ಲ ಎಂದರೆ ಮುಂದಿನ ಪ್ರಶ್ನೆಗೆ ಏನು ಉತ್ತರ. ಗಂಡ ನೆಂಟರ ಮುಂದೆ ಹೇಳುವ ಮಾತು ನೆನಪಾಯಿತು, ಅವಳಿಲ್ಲದಿದ್ರೆ ನಮ್ಮಮ್ಮ ಇಷ್ಟು ದಿನ ಇರ್ತಿರಲಿಲ್ಲ. ಹಾಗೆ ಅವನು ಹೇಳಿದಾಗಲೆಲ್ಲ ಅವಳಿಗೆ ತಾನೂ ಅತ್ತೆಯೂ ಒಂದೇ ಕಟಕಟೆಯಲ್ಲಿ ನಿಂತ ಹಾಗೆ ಅನ್ನಿಸುತ್ತಿತ್ತು, ಅತ್ತೆ ಮಂಚದ ಮೇಲೆ, ಅವಳು ಪಕ್ಕದಲ್ಲಿ, ಇಬ್ಬರೂ ಕೈಕಟ್ಟಿ ಹೊಗಳಿಸಿಕೊಳ್ಳುತ್ತ. ಅವನು ಈಗ ಎಲ್ಲೋ ಸೇತುವೆಗಳ ಬಿರುಕು ಪರೀಕ್ಷಿಸುತ್ತಿದ್ದಾನೆ. ತಿಂಗಳಲ್ಲಿ ಇಪ್ಪತ್ತು ದಿನ ಅವನಿಗೆ ಸೇತುವೆಗಳು, ಅವಳಿಗೆ ಅವನ ತಾಯಿ. ಆರು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಬಿದ್ದ ದಿನವೂ ಅವನು ಊರಲ್ಲಿರಲಿಲ್ಲ. ಆ ಸದ್ದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತ್ತು. ಹಾಲು ಉಕ್ಕುವುದರಲ್ಲಿತ್ತು. ಅವಳು ಒಲೆ ಆರಿಸಿದಳು, ಪಾತ್ರೆ ಇಳಿಸಿದಳು, ತಟ್ಟೆ ಮುಚ್ಚಿದಳು, ಕೈ ಒರೆಸಿಕೊಂಡಳು, ಆಮೇಲೆ ಹೋದಳು. ಅತ್ತೆ ಒದ್ದೆ ನೆಲದಲ್ಲಿ ಕಾಲು ವಿಚಿತ್ರವಾಗಿ ತಿರುಚಿಕೊಂಡು ಬಿದ್ದಿದ್ದವರು ಅವಳನ್ನು ನೋಡಿ, "ಬಂದೆಯಾ," ಎಂದರು ಅಷ್ಟೆ. ತಟ್ಟೆ ಮುಚ್ಚಿದ್ದು ಯಾಕೆ. ಒಲೆ ಆರಿಸಿದ್ದು ಸರಿ, ಯಾರಾದರೂ ಆರಿಸುತ್ತಾರೆ. ತಟ್ಟೆ ಯಾಕೆ ಮುಚ್ಚಿದೆ ಎಂದು ಡಾಕ್ಟರನ್ನು ಕೇಳಬೇಕಿತ್ತು; ವಾಕಿಂಗ್ ಮಾಡಿ ಎನ್ನುತ್ತಿದ್ದರು.

ಒಂದೂವರೆಗೆ ಕ್ಯಾಂಟೀನಿನ ಮೂಲೆಯಲ್ಲಿ ಊಟದ ತಟ್ಟೆಯ ಮುಂದೆ ಕೂತು ಮನೆಗೆ ಫೋನ್ ಮಾಡಿದಳು. ಅತ್ತೆ ದಿಂಬಿನ ಪಕ್ಕದ ಫೋನನ್ನು ಎರಡನೇ ರಿಂಗಿಗೇ ಎತ್ತಿದರು. ಮೂರನೇ ರಿಂಗಿನವರೆಗೆ ಕಾಯಿಸುವುದು ಅವರ ಪ್ರಕಾರ ಸೋಮಾರಿತನ.

"ಊಟ ಆಯ್ತಾ ಅತ್ತೆ?"

"ಆಯ್ತು. ಕ್ಯಾರೆಟ್ ಬೆಂದಿರಲಿಲ್ಲ."

"ಮಾತ್ರೆ?"

"ನುಂಗಿದೆ. ನೀಲಿದು ಕೆಳಗೆ ಬಿತ್ತು, ಸಿಕ್ತು."

"ಟೀವಿ ನೋಡಿದ್ರಾ?"

ಆಚೆ ಕಡೆ ಅತ್ತೆ ವಾರ್ತೆಯ ಸದ್ದು ತಗ್ಗಿಸಿದರು. "ನೋಡ್ದೆ. ಮಧ್ಯ ಸ್ವಲ್ಪ ಕಣ್ಣು ಹತ್ತಿತ್ತು."

"ಯಾವಾಗ?"

"ಕಣ್ಣು ಹತ್ತಿದಾಗ ಗಡಿಯಾರ ಯಾರು ನೋಡ್ತಾರೆ? ಯಾಕೆ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋಳಲ್ಲ ನೀನು," ಎಂದು ಅತ್ತೆ ಫೋನ್ ಇಟ್ಟರು.

ಇದು ಗೊತ್ತಿದ್ದು ಆಡಿದ ಮಾತೋ ದಿನದ ಮಾತೋ ಎಂದು ಅವಳು ಅದನ್ನು ನಾಲ್ಕು ಕಡೆಯಿಂದ ತಿರುಗಿಸಿ ನೋಡಿದಳು. ಅತ್ತೆಯ ದಿನದ ಮಾತುಗಳೇ ಹಾಗೆ, ಮುಳ್ಳು ಎಲ್ಲಿದೆ ಎಂದು ಕೈಯಾಡಿಸಿದರೆ ಮಾತ್ರ ಗೊತ್ತಾಗುವಂಥವು. ಇನ್ನು ಮೂರೂವರೆಯ ಹೊತ್ತಿಗೆ ಅವರಿಗೆ ಮತ್ತೆ ನಿದ್ದೆ ಬರಲಿ ಎಂದುಕೊಂಡಳು. ಹಾಗೆಂದುಕೊಂಡ ತಕ್ಷಣ, ಅವರ ನಿದ್ದೆಯನ್ನು ಬಯಸುವುದು ಬೆಳಿಗ್ಗೆ ಡಾಕ್ಟರಿಗೆ ಹೇಳಿದ್ದಕ್ಕೆ ಎಷ್ಟು ಹತ್ತಿರದಲ್ಲಿದೆ ಎಂದು ಹೊಳೆದು, ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟು ಎದ್ದಳು.

ಮಧ್ಯಾಹ್ನ ಪೂರ್ತಿ ಅವಳ ದನಿ ಅವಳನ್ನು ಅಟ್ಟಿಸಿಕೊಂಡು ಬಂತು. ಅರ್ಧ ನಿಮಿಷ ಅಷ್ಟಕ್ಕೇ ಬಿಟ್ಟಿರಲಿಲ್ಲ. ಸಂಜೆಯ 'ನಿಮ್ಮ ಮಾತು' ಕಾರ್ಯಕ್ರಮಕ್ಕೆ ಜನ ಫೋನ್ ಮಾಡಲಿ ಎಂದು ಅವಳ ಕೊನೆಯ ವಾಕ್ಯವನ್ನು ಕತ್ತರಿಸಿ ಜಾಹೀರಾತು ಮಾಡಿದ್ದ. ಎರಡು ಗಂಟೆಗೆ ಹಳೆಯ ರೆಕಾರ್ಡಿಂಗಿನ ನೃತ್ಯ ನಡೆದಿತ್ತು. ನರ್ತಕಿ ಕಣ್ಣು ತಿರುಗಿಸಿ ನಿಂತಳು, ಪರದೆ ಕಪ್ಪಾಯಿತು, ಕಪ್ಪಿನೊಳಗಿನಿಂದ, 'ಇದು ಕಾಯಿಲೆಯಾ ಡಾಕ್ಟ್ರೇ?' ನೀವೇನಂತೀರಿ, ಸಂಜೆ ಆರಕ್ಕೆ ಕರೆ ಮಾಡಿ. ಮಕ್ಕಳ ಕ್ವಿಜ್‌ನಲ್ಲಿ ಅತಿ ದೊಡ್ಡ ಮೊಟ್ಟೆ ಇಡುವ ಹಕ್ಕಿ ಯಾವುದು ಎಂದು ಕೇಳಿ, ಕನ್ನಡಕದ ಹುಡುಗಿಯೊಬ್ಬಳು ಗುಂಡಿ ಒತ್ತುವ ಮೊದಲು, 'ಇದು ಕಾಯಿಲೆಯಾ ಡಾಕ್ಟ್ರೇ?' ಮೂರೂವರೆಗೆ ಮರುಪ್ರಸಾರ ಇಡಿಯಾಗಿ ಬಂತು. ಆಗ ಅವಳು ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು, ನೀರಿನ ಸದ್ದಿಗೂ ಮೀರಿ ಕಾರಿಡಾರಿನ ಟೀವಿಯಿಂದ ಅವಳ ಹೊಗಳಿಕೆ, ಅವಳ ಖಾಲಿತನ, ಅವಳ ಕಾಯುವಿಕೆ ಒಂದೊಂದಾಗಿ ಬಾಗಿಲ ಸಂದಿಯಲ್ಲಿ ನುಗ್ಗಿದವು. ಹೊರಗೆ ಬಂದರೆ ಮೇಕಪ್‌ನವಳು ಸಿಕ್ಕಿದಳು. "ಅಕ್ಕ, ಅದು ನೀವೇ ಅಂತ ಗೊತ್ತು. ಆದ್ರೂ ಕೇಳಿ ಕಣ್ಣಲ್ಲಿ ನೀರು ಬಂತು. ನಮ್ಮನೇಲೂ ಮಾವ ಇದಾರಲ್ಲ." ಆಮೇಲೆ ದನಿ ತಗ್ಗಿಸಿ, "ಎಲ್ಲಿಂದ ಹೊಳೆಯುತ್ತೆ ನಿಮಗೆ?" ಎಂದಳು. ಕ್ಯಾಮೆರಾದವನು ದೂರದಿಂದಲೇ ಕೈ ಜೋಡಿಸಿ ತಲೆ ಬಾಗಿಸಿದ. ಅವಳಿಗೆ ಒಬ್ಬೊಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಬದಲಿಗೆ ನಕ್ಕಳು; ನಗುವುದು ಬಿಟ್ಟರೆ ಉಳಿದದ್ದು ರಾಜೀನಾಮೆ.

ಮೀನುಗಾರರಿಗೆ ಹವಾಮಾನ ಹೇಳಿ ಆಯಿತು. ಹೊಲಿಗೆ ಪಾಠದಲ್ಲಿ ತೋಳು ಕೂರಿಸಿ ಆಯಿತು. ಕಿವುಡರ ವಾರ್ತೆ ಓದುವ ಹೆಂಗಸು ಬೆರಳುಗಳನ್ನು ಮಡಚಿ ಬಿಡಿಸಿ ಪ್ರವಾಹ, ಚುನಾವಣೆ, ಫುಟ್‌ಬಾಲು ಎಲ್ಲವನ್ನೂ ಗಾಳಿಯಲ್ಲಿ ಬರೆದು ಹೋದಳು. ದಿನಕ್ಕೆ ಹದಿನೈದು ಕಾರ್ಯಕ್ರಮ, ಒಂದರ ಬಾಲ ಇನ್ನೊಂದರ ತಲೆಗೆ ತಾಗದ ಹಾಗೆ ನಡುವೆ ಮೀನು, ಕೊಳಲು. ಹೀಗೇ ಒಂದಾದ ಮೇಲೊಂದು ನೋಡುತ್ತ ಮಲಗಿರುವುದು ಹೇಗಿರುತ್ತದೆ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಅತ್ತೆಯ ಕೋಣೆಯಲ್ಲಿ ಟೀವಿ ಹಾಕಿಸಿದ ದಿನ ಅವಳಿಗಾದದ್ದು ಬಿಡುಗಡೆ. ಇನ್ನು ಮಾತಿಗೆ ಕೂರಬೇಕಾಗಿಲ್ಲ ಎಂದು.

ಆರು ಗಂಟೆಗೆ ಫೋನುಗಳು ಹುಚ್ಚು ಹಿಡಿದ ಹಾಗೆ ಹೊಡೆದುಕೊಳ್ಳತೊಡಗಿದವು. ಮೂರೂ ಫೋನಿನ ದೀಪ ಒಟ್ಟಿಗೆ ಉರಿದದ್ದನ್ನು ಅವಳು ನೋಡಿದ್ದು ಯಾವ ಕಾಲದಲ್ಲೋ. ಮೊದಲನೆಯವನು ಕ್ವಿಜ್‌ನಲ್ಲಿ ಹಕ್ಕಿಯ ಉತ್ತರ ತಪ್ಪು ಎಂದು ಜಗಳಕ್ಕೆ ಬಂದ. ಅವನನ್ನು ಒಳಗೆ ಕೊಟ್ಟಳು. ಎರಡನೆಯವಳು, ಆ ಬೆಳಗಿನ ಹೆಂಗಸಿಗೆ ನಾಚಿಕೆಯಾಗಬೇಕು ಎಂದಳು. ಅವಳನ್ನೂ ಕೊಟ್ಟಳು, ಹಾಳೆಯಲ್ಲಿ 'ಆಕ್ಷೇಪಣೆ' ಎಂದು ಅಕ್ಷರ ಕೆಡದ ಹಾಗೆ ಬರೆದಳು. ನಿರೂಪಕಿ ಬೆಳಗಿನ ಹೆಂಗಸಿನ ಪರವಾಗಿ ಏನೋ ಸಮಾಧಾನ ಹೇಳುತ್ತಿದ್ದಾಗ ಎರಡನೇ ಲೈನು ಎತ್ತಿಕೊಂಡಳು.

"ನಮಸ್ಕಾರ, ನಿಮ್ಮ ಮಾತು. ಹೆಸರು ಹೇಳಿ."

ಆ ಕಡೆಯವರು ಒಂದು ಹೆಸರು ಹೇಳಿದರು. ಆ ಹೆಸರಿನವರು ಅವಳಿಗೆ ಯಾರೂ ಗೊತ್ತಿಲ್ಲ. ದನಿ ಮಾತ್ರ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಡಿಕೆ ಮಡಿಕೆಯಾಗಿ, ಒಂದು ಅಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಬಂತು. ಮನೆಯಲ್ಲಿ ಕ್ಯಾರೆಟ್ಟನ್ನು ಬೈಯುವ ದನಿ ಇದಲ್ಲ. ಅವಳು ಸೊಸೆಯಾಗಿ ಬರುವುದಕ್ಕೆ ಮೊದಲು, ಕಿವಿಗೆ ಕಬ್ಬಿಣದ ಪಟ್ಟಿ ಹಾಕಿಕೊಂಡು ಕೂತು, ಒಂದು ಊರನ್ನು ಇನ್ನೊಂದು ಊರಿಗೆ ಸೇರಿಸುತ್ತಿದ್ದ ದನಿ ಇದಿರಬೇಕು. ಅವಳು ಪೆನ್ನನ್ನು ಹಾಳೆಯ ಮೇಲೆ ಊರಿಕೊಂಡಳು.

"ಊರು?"

ಗುಡ್ಡದ ಮೇಲಿನ ಊರು. ಬೆಳಿಗ್ಗೆ ಅವಳು ಹೇಳಿದ್ದೇ.

"ಯಾವ ಕಾರ್ಯಕ್ರಮದ ಬಗ್ಗೆ?"

"ಹನ್ನೊಂದೂವರೆದು. ಒಬ್ಬಳು ಡಾಕ್ಟರನ್ನ ಒಂದು ಮಾತು ಕೇಳಿದ್ಲು. ಅವನು ಉತ್ತರ ಕೊಡಲಿಲ್ಲ, ನೀರು ಕುಡಿ ಅಂದ. ನಾನು ಕೊಡ್ತೀನಿ."

ಕರೆ ದಾಟಿಸುವ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕರೆ ಕಡಿದುಹೋಗುತ್ತದೆ. ಕುಡಿದವರು, ಬಯ್ಯುವವರು ಬಂದರೆ ಒತ್ತಲಿಕ್ಕೆ. ಅವಳ ಬೆರಳು ಅದರ ಮೇಲಿತ್ತು. ಕಡಿದರೆ ಏಳೂವರೆಗೆ ಮನೆಯಲ್ಲಿ, ನಾಲ್ಕು ಗೋಡೆಯ ನಡುವೆ, ಇದೇ ಮಾತು ಬರುತ್ತದೆಯೇ? ಬರುವುದಿಲ್ಲ. ಅದು ಅವಳಿಗೆ ಬಹಳ ಖಚಿತವಾಗಿ ಗೊತ್ತಾಯಿತು. ಅಲ್ಲಿ ಕ್ಯಾರೆಟ್ಟಿನ ಮಾತು ಬರುತ್ತದೆ, ನೀಲಿ ಮಾತ್ರೆಯ ಮಾತು ಬರುತ್ತದೆ, ಇನ್ನು ಎಷ್ಟು ವರ್ಷವಿದೆಯೋ ಅಷ್ಟು ವರ್ಷವೂ ಬರುತ್ತದೆ.

"ಅಕ್ಕಾ, ಎರಡನೇ ಲೈನು ಏನಂತೆ?" ಎಂದ ಅರ್ಧ ನಿಮಿಷ.

"ಬೆಳಗಿನ ಕರೆಗೆ ಉತ್ತರ ಹೇಳಬೇಕಂತೆ."

"ಕೊಡಿ, ಕೊಡಿ."

"ಟೀವಿ ಸದ್ದು ಕಡಿಮೆ ಮಾಡಿ," ಎಂದಳು ಅವಳು ಫೋನಿಗೆ.

"ಮಾಡಿದೀನಿ. ನನಗೆ ಈ ಕೆಲಸ ಹೇಳಿಕೊಡಬೇಡ," ಎಂದಿತು ಫೋನು. ಅವಳು ಕರೆಯನ್ನು ದಾಟಿಸಿದಳು.

ನಿರೂಪಕಿ ಬಾಯಿ ತುಂಬ ಸ್ವಾಗತಿಸಿದಳು. ಆ ಕಡೆಯವರು ಸ್ವಾಗತ ಮುಗಿಯುವವರೆಗೂ ಕಾಯಲಿಲ್ಲ.

"ಅದು ಕಾಯಿಲೆ ಅಲ್ಲ. ನಾನೂ ನನ್ನ ಅತ್ತೇನ ಒಂಬತ್ತು ವರ್ಷ ನೋಡ್ಕೊಂಡಿದೀನಿ, ನನ್ನನ್ನೂ ಹೊಗಳ್ತಿದ್ರು, ನನಗೂ ಒಳಗೆ ಏನೂ ಇರಲಿಲ್ಲ. ಕೇಳೋದಕ್ಕೆ ಡಾಕ್ಟರು ಇರಲಿಲ್ಲ, ಅಷ್ಟೆ. ಕಾಯ್ತಾ ಇದೀನಿ ಅಂದ್ಲು. ಕಾಯಲಿ. ಆ ಮುದುಕಿ ಮತ್ತೇನು ಮಾಡ್ತಿದಾಳೆ ಅಂದ್ಕೊಂಡಿದಾಳೆ? ಅವಳೂ ಅದನ್ನೇ ಕಾಯ್ತಿರೋದು. ಇಬ್ರೂ ಒಂದೇ ಬಸ್ಸಿಗೆ ನಿಂತ ಹಾಗೆ. ಬಸ್ಸು ತಡ ಆದ್ರೆ ಒಬ್ರು ಇನ್ನೊಬ್ರ ಮುಖ ನೋಡಬಾರದು ಅಂತ ಏನಾದ್ರೂ ಇದೆಯಾ?"

"ತುಂಬಾ ಚೆನ್ನಾಗಿ ಹೇಳಿದ್ರಿ ಅಮ್ಮಾ," ಎಂದಳು ನಿರೂಪಕಿ.

"ನಾನಿನ್ನೂ ಹೇಳಿಲ್ಲ. ನನ್ನ ತಕರಾರು ಬೇರೆ ಇದೆ. ಬೆಳಿಗ್ಗೆ ಆರಕ್ಕೆ ಅವಳು ಸದ್ದಾಗದ ಹಾಗೆ ಬಾಗಿಲು ತೆಗೆದು ನಿಂತ್ಕೋತಾಳೆ. ಹೊದಿಕೆ ಮೇಲೆ ಕೆಳಗೆ ಆಗ್ತಿದೆಯಾ ಅಂತ ನೋಡ್ತಾಳೆ. ನೋಡ್ಕೊಂಡು ಹೋಗಿ ಕಾಫಿಗೆ ಇಡ್ತಾಳೆ. ದಿನಾ. ಮುದುಕಿಗೆ ನಾಲ್ಕು ಗಂಟೆಗೇ ಎಚ್ಚರ ಆಗಿರುತ್ತೆ. ಕಣ್ಣು ಮುಚ್ಕೊಂಡು, ಅವಳಿಗೆ ಕಾಣೋ ಹಾಗೆ ಉಸಿರಾಡಬೇಕು. ಈ ವಯಸ್ಸಲ್ಲಿ ಅದು ಬೇಜಾರಿನ ಕೆಲಸ. ಒಳಗೆ ಬಂದು ದೀಪ ಹಾಕು ಅಂತ ಹೇಳಿ ಅವಳಿಗೆ."

ನಿರೂಪಕಿಯ ನಗು ಮುಖದ ಮೇಲೆ ಎಲ್ಲಿ ಇಡಬೇಕೆಂದು ತಿಳಿಯದ ಸಾಮಾನಿನ ಹಾಗೆ ಇತ್ತು. "ಅಮ್ಮಾ, ನಿಮಗೆ ಆ ವೀಕ್ಷಕಿ ಗೊತ್ತಾ?"

"ಒಂದೇ ಊರಿನವರು," ಎಂದು ಅತ್ತೆ ಫೋನ್ ಇಟ್ಟರು.

ಅವಳು ಎದುರಿಗಿದ್ದ ಹಾಳೆಯನ್ನು ನೋಡಿದಳು. ಹೆಸರು, ಊರು, ವಿಷಯ: ಉತ್ತರ. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ನಿಲ್ಲುವುದನ್ನು ಅವಳು ಡಾಕ್ಟರಿಗೆ ಹೇಳಿರಲಿಲ್ಲ. ಗಂಡನಿಗೆ ಹೇಳಿರಲಿಲ್ಲ. ತನಗೇ ಕೂಡ ಅದನ್ನು ಒಂದು ಕೆಲಸವೆಂದು ಹೇಳಿಕೊಂಡಿರಲಿಲ್ಲ. ಚಪ್ಪಲಿ ಹಾಕಿದರೆ ಸದ್ದಾಗುತ್ತದೆಂದು ಬರಿಗಾಲಲ್ಲಿ ಹೋಗಿ, ಹೊದಿಕೆಯ ಹೂವೊಂದನ್ನು ಗುರುತು ಹಿಡಿದು, ಅದು ಏರಿತೇ ಎಂದು ನೋಡಿ, ಏರಿದ ಮೇಲೆ ತನ್ನೊಳಗೆ ಆಗುವುದಕ್ಕೆ ಹೆಸರಿಡದೆ ಅಡುಗೆಮನೆಗೆ ತಿರುಗುವ ಒಂದು ಗಳಿಗೆ ಅದು. ಆ ಗಳಿಗೆ ಅವಳೊಬ್ಬಳದೇ ಎಂದುಕೊಂಡಿದ್ದಳು. ಹೊದಿಕೆಯ ಒಳಗಿನಿಂದ ಇನ್ನೊಬ್ಬರು ಅದನ್ನು ಎಣಿಸುತ್ತಿದ್ದರು. ಮೊದಲು ಕೆನ್ನೆ ಬಿಸಿಯಾಯಿತು. ಆಮೇಲೆ ಆ ಬಿಸಿ ಇಳಿಯಲಿಲ್ಲ, ಕುತ್ತಿಗೆಗೆ, ಕೈಗೆ, ಬೆರಳ ತುದಿಗೆ ಬಂತು. ನಾಲ್ಕು ಗಂಟೆಗೇ ಎಚ್ಚರ! ಆರು ವರ್ಷದಿಂದ ಒಂದು ದಿನವಾದರೂ ಮಗ್ಗುಲು ಬದಲಿಸಿದ್ದರೆ.

"ಅಕ್ಕಾ," ಅರ್ಧ ನಿಮಿಷ ಓಡುತ್ತ ಬಂದ, ಹೆಡ್‌ಫೋನು ಕೊರಳಿಗೆ ಜಾರಿತ್ತು. "ಮೂರು ನಿಮಿಷ ಉಳಿದಿದೆ. ಪಕ್ಕದ ಕೋಣೆಗೆ ಹೋಗಿ. ಬೆಳಗಿನ ಹೆಂಗಸು ವಾಪಸ್ ಫೋನ್ ಮಾಡ್ತಾಳೆ. ಅಳ್ತಾಳೆ. ಕ್ಷಮೆ ಕೇಳ್ತಾಳೆ. ಅಲ್ಲಿಗೆ ಮುಗಿಸೋಣ, ಜನ ಜನ್ಮದಲ್ಲಿ ಮರೆಯಲ್ಲ."

"ಬೇಡ ಸಾರ್."

"ಅರ್ಧ ನಿಮಿಷ ಅಕ್ಕಾ. ಅತ್ತುಬಿಟ್ರೆ ಆಯ್ತು."

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮೇಕಪ್ ಕೋಣೆಯಲ್ಲಿ ವಾರ್ತಾ ಓದುಗ ಕೋಟು ಹಾಕಿಕೊಂಡು, ಕೆಳಗೆ ಮನೆಯ ಪೈಜಾಮದಲ್ಲಿ, ಹಣೆಗೆ ಪೌಡರು ಒತ್ತಿಸಿಕೊಳ್ಳುತ್ತಿದ್ದ. ಅವನನ್ನು ದಾಟಿ ಹೋಗಿ ರಿಸೀವರ್ ಎತ್ತಿದಳು. ಗೋಡೆಯ ಟೀವಿಯಲ್ಲಿ ನಿರೂಪಕಿ ಕಿವಿಗೆ ಕೈ ಇಟ್ಟು, ಓ, ಇನ್ನೊಂದು ಕರೆ ಇದೆ ಎಂದಳು.

"ನಾನು ಬೆಳಿಗ್ಗೆ ಮಾತಾಡಿದವಳು."

"ಹೇಳಿ ಮೇಡಂ, ಹೇಳಿ. ನಿಮ್ಮ ಊರಿನವರೇ ಒಬ್ರು ಈಗ ತಾನೆ—"

"ಕೇಳಿಸ್ಕೊಂಡೆ. ಎಚ್ಚರ ಇದ್ರೆ ಕಣ್ಣು ಬಿಡಬಾರದಾ? ಆರು ವರ್ಷ. ಅವರ ನಿದ್ದೆ ಕೆಡಬಾರದು ಅಂತ ಬರಿಗಾಲಲ್ಲಿ ಆ ತಣ್ಣನೆ ನೆಲದ ಮೇಲೆ ನಿಂತಿದೀನಿ. ಬಾಗಿಲ ತಿರುಗಣಿಗೆ ತಿಂಗಳಿಗೊಂದು ಸಲ ಎಣ್ಣೆ ಬಿಡ್ತೀನಿ, ಕಿರ್ ಅನ್ನಬಾರದು ಅಂತ. ನನಗೆ ಚಳಿಯಾಗಲ್ವಾ? ಒಂದು ಸಲ, ಒಂದೇ ಒಂದು ಸಲ ಕೆಮ್ಮಬಾರದಾ?"

ವಾರ್ತಾ ಓದುಗ ಪೌಡರಿನ ಪಫ್ ಅನ್ನು ಹಣೆಯಿಂದ ಸರಿಸಿ ಅವಳನ್ನೇ ನೋಡುತ್ತಿದ್ದ. ಬಾಗಿಲಲ್ಲಿ ಅರ್ಧ ನಿಮಿಷ ಎರಡು ಕೈಯಲ್ಲೂ ಕಣ್ಣೀರಿನ ಸನ್ನೆ ಮಾಡುತ್ತಿದ್ದ.

"ಮೇಡಂ, ಆ ವೀಕ್ಷಕಿಯ ಕರೆ ಈಗ ಲೈನಲ್ಲಿಲ್ಲ," ಎಂದಳು ನಿರೂಪಕಿ ಗಡಿಬಿಡಿಯಿಂದ. "ಅವರು ನಮ್ಮನ್ನ ಇನ್ನೂ ನೋಡ್ತಾ ಇದ್ರೆ ಖಂಡಿತ—"

"ನೋಡ್ತಾ ಇದಾರೆ," ಎಂದಳು ಅವಳು. "ಏಳೂವರೆಗೆ ಮನೆಗೆ ಬರ್ತೀನಿ. ಅಷ್ಟರಲ್ಲಿ ಉತ್ತರ ಯೋಚಿಸಿಟ್ಟಿರಲಿ."